ಹೆರಾಲ್ಡ್ ಚೀಟಿ ಓದಿ ಅಳು ಬಂತು, ಅದು ತಪ್ಪಾ ಮೇಡಂ?

ಓದುಗರ ಪ್ರಶ್ನೆ: ಮೇಡಂ ನಮಸ್ತೆ. ನಾವು ಆರು ಜನ ಫ್ರೆಂಡ್ಸ್ ಸೇರ್ಕೊಂಡು ಸ್ಟೀಫನ್ ಕಿಂಗ್ ಅವರ ‘ದಿ ಸ್ಟ್ಯಾಂಡ್’ ಓದ್ತಾ ಇದ್ದೀವಿ, ವಾರಕ್ಕೆ ಇಷ್ಟು ಪೇಜ್ ಅಂತ ಇಟ್ಕೊಂಡು ಭಾನುವಾರ ಕೂತು ಮಾತಾಡೋದು. ಹೆರಾಲ್ಡ್ ಸಾಯೋ ಭಾಗ ಓದಿದಾಗ ನಂಗೆ ನಿಜವಾಗ್ಲೂ ಅಳು ಬಂತು. ಅದನ್ನ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯ್ತು. ಒಬ್ಬರು, ಬಾಂಬ್ ಇಟ್ಟು ನಿಕ್‌ನ ಕೊಂದವನಿಗೆ ಅಳ್ತೀಯಲ್ಲ, ನಿಕ್ ಸತ್ತಾಗ ಅತ್ಯಾ ಅಂದ್ರು. ಇನ್ನೊಬ್ರು, ಇದ್ರಲ್ಲಿ ಚರ್ಚೆ ಮಾಡೋಕೆ ಏನಿದೆ, ಬೌಲ್ಡರ್‌ನವ್ರು ಒಳ್ಳೆಯವ್ರು ವೇಗಸ್‌ನವ್ರು ಕೆಟ್ಟವ್ರು, ಕೊನೆಗೆ ದೇವರೇ ತೀರ್ಪು ಕೊಡ್ತಾನೆ ಅಂದ್ರು. ನಾನು ಸುಮ್ಮನಾದೆ. ಆದ್ರೆ ಮನೇಲಿ 16 ವರ್ಷದ ಮಗ ಅದೇ ಪುಸ್ತಕ ತಗೊಂಡು ಓದಿ, ಅಮ್ಮ ಇಡೀ ಬುಕ್ಕಲ್ಲಿ ನಂಗೆ ಅರ್ಥ ಆಗೋನು ಹೆರಾಲ್ಡ್ ಒಬ್ಬನೇ, ಅವನನ್ನ ಹಾಗೆ ಮಾಡಿದ್ದು ಮಿಕ್ಕವ್ರೇ ಅಂದ. ಅವತ್ತಿಂದ ತಲೆ ಕೆಟ್ಟಿದೆ. ನಾನು ಕೊಲೆಗಾರನ ಪರ ನಿಂತೆನಾ? ಮಗನೂ ನನ್ನ ಹಾಗೇನಾ? ಮುಂದಿನ ಭಾನುವಾರ ಹೋಗ್ಲೋ ಬೇಡ್ವೋ ಅದೂ ಗೊತ್ತಾಗ್ತಿಲ್ಲ.

ಉತ್ತರ: ಮೊದಲೇ ಹೇಳ್ಬಿಡ್ತೀನಿ, ಈ ಪುಸ್ತಕ ಇನ್ನೂ ಓದಿಲ್ಲ, ಓದೋ ಆಸೆ ಇದೆ ಅನ್ನೋರು ಇಲ್ಲಿಗೇ ನಿಲ್ಸಿ. ಯಾರು ಸಾಯ್ತಾರೆ ಯಾರು ಉಳೀತಾರೆ ಅನ್ನೋದನ್ನೆಲ್ಲ ಹೇಳದೆ ಇದಕ್ಕೆ ಉತ್ತರ ಕೊಡೋಕಾಗಲ್ಲ.

ನಿಮ್ಮ ಪ್ರಶ್ನೆ ಎರಡೆರಡು ಸಲ ಓದಿದೆ. ಕೇಳಿರೋದು ಹೆರಾಲ್ಡ್ ಬಗ್ಗೆ, ಆದ್ರೆ ಒಳಗೆ ಕೊರೀತಿರೋದು ಬೇರೆ ಅಲ್ವಾ, ಇಂಥವನಿಗೆ ಮನಸ್ಸು ಕರಗಿತು ಅಂದ್ರೆ ನನ್ನಲ್ಲೇ ಏನೋ ಐಬು ಇರ್ಬೇಕು, ಅದೇ ಮಗನಿಗೂ ಬಂದಿರ್ಬೇಕು ಅಂತ. 22 ವರ್ಷದಿಂದ ಕಾದಂಬರಿ ಪಾಠ ಮಾಡ್ಕೊಂಡು, ಓದುಗರ ಗುಂಪು ನಡೆಸ್ಕೊಂಡು ಬಂದಿದೀನಿ, ಈ ಪುಸ್ತಕವನ್ನೇ ಮೂರು ಬೇರೆ ಬೇರೆ ಗುಂಪಿನ ಜೊತೆ ಓದಿದೀನಿ, ಮೂರರಲ್ಲೂ ಜಗಳ ಹತ್ತಿದ್ದು ಸರಿಯಾಗಿ ಇದೇ ಜಾಗದಲ್ಲಿ. ಒಂದು ಗುಂಪಲ್ಲಂತೂ ಇಬ್ಬರು ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ಹಂಗಾಗಿ ಐಬು ಗಿಬು ಅನ್ನೋದನ್ನ ಮೊದ್ಲು ಪಕ್ಕಕ್ಕಿಡಿ.

ಓದಿ ಮರೆತಿರೋರಿಗೆ ಒಂದೆರಡು ಮಾತಲ್ಲಿ ಕಥೆ. ಅಮೆರಿಕದ ಮಿಲಿಟರಿ ಲ್ಯಾಬಿಂದ ಒಂದು ಫ್ಲೂ ಹೊರಗೆ ಬಿದ್ದು ನೂರಕ್ಕೆ 99ಕ್ಕಿಂತ ಜಾಸ್ತಿ ಜನ ಸಾಯ್ತಾರೆ. ಉಳಿದೋರಿಗೆ ಎರಡು ಥರದ ಕನಸು ಬೀಳುತ್ತೆ, ಒಂದರಲ್ಲಿ ನೆಬ್ರಾಸ್ಕಾದ 108 ವರ್ಷದ ಅಜ್ಜಿ ಮದರ್ ಆಬಗೇಲ್, ಇನ್ನೊಂದರಲ್ಲಿ ರ‍್ಯಾಂಡಲ್ ಫ್ಲ್ಯಾಗ್ ಅನ್ನೋ ಕರಾಳ ಮನುಷ್ಯ. ಅಜ್ಜಿ ಕಡೆಯವರು ಕೊಲರಾಡೋದ ಬೌಲ್ಡರ್‌ನಲ್ಲಿ ಸೇರ್ತಾರೆ, ಫ್ಲ್ಯಾಗ್ ಕಡೆಯವರು ಲಾಸ್ ವೇಗಸ್‌ನಲ್ಲಿ. ಹೆರಾಲ್ಡ್ ಲಾಡರ್ ಮೇನ್ ರಾಜ್ಯದ ಒಗನ್‌ಕ್ವಿಟ್ ಊರಿನ ಹುಡುಗ, ದಪ್ಪಗಿದಾನೆ, ಬುದ್ಧಿವಂತ, ಯಾರಿಗೂ ಬೇಡದವನು. ಆ ಊರಲ್ಲಿ ಉಳಿಯೋದು ಅವನು ಮತ್ತೆ ಫ್ರ್ಯಾನಿ ಇಬ್ಬರೇ. ಅವನಿಗೆ ಅವಳ ಮೇಲೆ ಪ್ರೀತಿ, ಅವಳಿಗೆ ದಾರೀಲಿ ಸಿಕ್ಕ ಸ್ಟೂ ಮೇಲೆ. ಕೊನೆಗೆ ಹೆರಾಲ್ಡ್, ಫ್ಲ್ಯಾಗ್ ಕಡೆ ವಾಲಿರೋ ನೇಡೀನ್ ಅನ್ನೋ ಹೆಂಗಸಿನ ಜೊತೆ ಸೇರಿ, ಊರು ನಡೆಸೋ ಬೌಲ್ಡರ್ ಕಮಿಟಿ ಮೀಟಿಂಗ್‌ಗೆ ಬಾಂಬ್ ಇಟ್ಟು ವೇಗಸ್ ಕಡೆ ಓಡ್ತಾನೆ, ಬೆಟ್ಟದ ರಸ್ತೇಲಿ ಬೈಕ್ ಜಾರಿ ಕಾಲು ಮುರ್ಕೊತಾನೆ, ನೇಡೀನ್ ಅವನನ್ನ ಅಲ್ಲೇ ಬಿಟ್ಟು ಹೋಗ್ತಾಳೆ, ಅವನು ಒಂದು ಚೀಟಿ ಬರೆದಿಟ್ಟು ಗುಂಡು ಹಾರಿಸ್ಕೊತಾನೆ.

ಈಗ ಮೊದಲನೇ ತಪ್ಪು ತಿಳುವಳಿಕೆ. ಕನಿಕರ ಬಂತು ಅಂದ್ರೆ ಒಪ್ಪಿಗೆ ಕೊಟ್ಟ ಹಾಗೆ ಅನ್ನೋದು. ಮರುಕ ಬೇರೆ, ಮಾಫಿ ಬೇರೆ. ನೀವು ಅತ್ತಿದ್ರಿ ಸರಿ, ಆದ್ರೆ ಬಾಂಬ್ ಇಟ್ಟಿದ್ದು ಸರಿ ಅಂತ ಎಲ್ಲಾದ್ರೂ ಅಂದ್ರಾ? ಇಲ್ವಲ್ಲ. ನಿಮ್ಮ ಫ್ರೆಂಡ್ ಈ ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ರು, ನೀವೂ ಆ ಗಂಟನ್ನ ತಲೆ ಮೇಲೆ ಹೊತ್ಕೊಂಡು ಮನೆಗೆ ಬಂದ್ರಿ.

ಮರುಕ ತಾನಾಗೇ ಬರೋದಲ್ಲ, ಬರೋ ಹಾಗೆ ಬರೆದಿರ್ತಾರೆ. ಒಗನ್‌ಕ್ವಿಟ್ ಭಾಗ ಇನ್ನೊಂದ್ಸಲ ತೆಗೆದು ನೋಡಿ. ಊರಿಗೆ ಊರೇ ಸತ್ತು ಬಿದ್ದಿದೆ, ಬಿಸಿಲಲ್ಲಿ ನಾತ, ಈ ದಪ್ಪ ಹುಡುಗ ಈಜೋ ಚಡ್ಡೀಲಿ ನಿಂತ್ಕೊಂಡು ಮನೆ ಹುಲ್ಲು ಕತ್ತರಿಸ್ತಾ ಇದಾನೆ. ಯಾರು ನೋಡಬೇಕು ಆ ಹುಲ್ಲನ್ನ? ಫ್ರ್ಯಾನಿ ಹತ್ರ ಬಂದ್ರೆ ಅವನಿಗೆ ಅಳು. ಅಲ್ಲಿವರೆಗೂ ದೊಡ್ಡ ದೊಡ್ಡ ಇಂಗ್ಲಿಷ್ ಪದ ಬಳಸ್ಕೊಂಡು ಪಂಡಿತನ ಥರ ಆಡ್ತಿದ್ದವನು ಅಲ್ಲಿ ಬರೀ ಹದಿನಾರರ ಹುಡುಗ ಆಗ್ಬಿಡ್ತಾನೆ. ಒಂದು ಸಲ ಅವನನ್ನ ಆ ಚಡ್ಡೀಲಿ ನೋಡಿದ ಮೇಲೆ ಬರೀ ‘ವಿಲನ್’ ಅಂತ ಬರೆದು ಮೂಲೆಗೆ ಹಾಕೋಕೆ ಕೈ ಬರಲ್ಲ, ನಂಗಂತೂ ಬರಲ್ಲ.

ಅಂದಹಾಗೆ ವಯಸ್ಸು. ಮೂರೂ ಗುಂಪಲ್ಲೂ ನಾನು ಹೆರಾಲ್ಡ್ ವಯಸ್ಸೆಷ್ಟು ಅಂತ ಕೇಳಿದೀನಿ, 20 ಅಂತಾರೆ, 25 ಅಂತಾರೆ, ಒಬ್ಬರು 30 ಅಂದ್ರು. 16 ಅಂತ ಪುಸ್ತಕದಲ್ಲಿ ಸ್ಪಷ್ಟವಾಗಿದೆ, ಆದ್ರೂ ಓದ್ತಾ ಓದ್ತಾ ಮರೆತೋಗುತ್ತೆ, ಅವನು ಮಾತಾಡೋ ಧಾಟಿ ಹಂಗಿದೆ. ಬೌಲ್ಡರ್‌ನಲ್ಲಿದ್ದ ದೊಡ್ಡವರಿಗೂ ಮರೆತೇ ಹೋಗಿತ್ತು ಅನ್ಸುತ್ತೆ. ಅಪ್ಪ ಅಮ್ಮ ಅಕ್ಕ ಎಲ್ಲಾ ಕಳ್ಕೊಂಡ ಹುಡುಗ ಒಂದು ಖಾಲಿ ಮನೇಲಿ ಒಬ್ಬನೇ ಇರ್ತಾನೆ, ಏನಪ್ಪಾ ಊಟ ಆಯ್ತಾ ಅಂತ ಅವನ ಮನೆ ಬಾಗಿಲು ಬಡಿದೋರು ಯಾರು? ನಿಮ್ಮ ಅಳುವಿಗೆ ಇದೂ ಒಂದು ಕಾರಣ ಇರಬಹುದು, ನಿಮ್ಮ ಮನೇಲೂ ಅದೇ ವಯಸ್ಸಿನವನು ಇದಾನಲ್ಲ.

ಇನ್ನೊಂದು ಕೈಚಳಕ ಇದೆ, ತುಂಬ ಜನ ಅದನ್ನ ಗಮನಿಸಲ್ಲ. ಲ್ಯಾರಿ ಅನ್ನೋ ಹಾಡುಗಾರ ಹೆರಾಲ್ಡ್‌ನ ನೋಡೋಕೆ ಮುಂಚೇನೇ ಅವನ ಅಭಿಮಾನಿ ಆಗಿರ್ತಾನೆ. ಹೆರಾಲ್ಡ್ ಹೊರಡೋವಾಗ ಹಿಂದೆ ಬರೋರಿಗೆ ಗೊತ್ತಾಗ್ಲಿ ಅಂತ ಕೊಟ್ಟಿಗೆ ಸೂರಿನ ಮೇಲೆ ದೊಡ್ಡ ಅಕ್ಷರದಲ್ಲಿ ದಾರಿ ಬರೆದು ಹೋಗಿರ್ತಾನಲ್ಲ, ಲ್ಯಾರಿ ಅದನ್ನ ಹಿಡ್ಕೊಂಡು ಅರ್ಧ ದೇಶ ದಾಟ್ತಾನೆ. ಕಷ್ಟ ಬಂದಾಗೆಲ್ಲ, ಇಲ್ಲಿ ಹೆರಾಲ್ಡ್ ಏನ್ ಮಾಡಿರ್ತಿದ್ದ, ಪೆಟ್ರೋಲ್ ಹೆಂಗೆ ತೆಗೆದಿರ್ತಾನೆ ಅಂತ ಯೋಚಿಸ್ತಾನೆ. ಅವನ ತಲೇಲಿರೋ ಹೆರಾಲ್ಡ್ ಗಟ್ಟಿಮುಟ್ಟಾದ ದೊಡ್ಡ ಮನುಷ್ಯ. ಬೌಲ್ಡರ್ ಮುಟ್ಟಿದ ಮೇಲೆ ಒಂದು ಬಾಟಲ್ ವೈನು, ಒಂದಷ್ಟು ಪೇಡೇ ಕ್ಯಾಂಡಿ ಹಿಡ್ಕೊಂಡು ಥ್ಯಾಂಕ್ಸ್ ಹೇಳೋಕೆ ಹೋದ್ರೆ ಎದುರಿಗೆ ನಿಂತಿರೋದು ಒಬ್ಬ ಹುಡುಗ. ನಮ್ಗೆ ಹೆರಾಲ್ಡ್ ಒಳಗಿನ ವಿಷ ಆಗಲೇ ಗೊತ್ತು, ಲ್ಯಾರಿಗೆ ಗೊತ್ತಿಲ್ಲ, ಅವನು ನಿಜವಾದ ಮೆಚ್ಚುಗೆಯಿಂದಾನೇ ಹೋಗಿರ್ತಾನೆ. ಅಂದ್ರೆ ಹೆರಾಲ್ಡ್ ಜೀವನಪೂರ್ತಿ ಏನು ಬೇಕು ಬೇಕು ಅಂತಿದ್ನೋ ಅದೇ ವೈನ್ ಬಾಟಲ್ ಹಿಡ್ಕೊಂಡು ಮನೆ ಮುಂದೆ ಬಂದು ನಿಂತಿದೆ. ಬೇಕಾಗಿದ್ದ ಹೊತ್ತಿಗೆ ಬರಲಿಲ್ಲ ಅಷ್ಟೇ.

ಇಷ್ಟು ಹೇಳಿ ನಿಲ್ಸಿದ್ರೆ ನಿಮ್ಮ ಮಗ ಹೇಳಿದ್ದೇ ಸರಿ ಅನ್ನೋ ಹಾಗಾಗುತ್ತೆ, ಅವನನ್ನ ಹಾಗೆ ಮಾಡಿದ್ದು ಮಿಕ್ಕವ್ರೇ ಅಂತ. ಇದು ಎರಡನೇ ತಪ್ಪು ತಿಳುವಳಿಕೆ, ಮೊದಲನೇದಕ್ಕಿಂತ ಅಪಾಯದ್ದು, ಯಾಕಂದ್ರೆ ಇದರಲ್ಲಿ ಅರ್ಧ ನಿಜ ಇದೆ. ಸ್ಟೂ ಮೊದಲು ಸಿಕ್ಕಾಗ ಹುಡುಗೀನ ಕಿತ್ಕೊಳ್ಳೋಕೆ ಬಂದಿಲ್ಲಪ್ಪ ಅಂತ ಹೆರಾಲ್ಡ್‌ಗೆ ಸಮಾಧಾನ ಹೇಳಿರ್ತಾನೆ. ಆಮೇಲೆ ಆಗೋದು ಬೇರೆ. ಸ್ಟೂ ಸುಳ್ಳು ಹೇಳಿದ್ದಲ್ಲ, ಅವನಿಗೇ ಆಗ ಗೊತ್ತಿರಲಿಲ್ಲ, ಆದ್ರೆ ಹೆರಾಲ್ಡ್ ಕಡೆಯಿಂದ ನೋಡಿ, ಮಾತು ಕೊಟ್ಟು ತಪ್ಪಿದ ಹಾಗೇ ಕಾಣೋದು. ಹೆರಾಲ್ಡ್ ಕದ್ದು ಓದೋ ಫ್ರ್ಯಾನಿ ಡೈರೀಲಿ ಅವನ ಬಗ್ಗೆ ಬರೆದಿರೋ ಮಾತುಗಳೂ ನಾಟೋ ಹಾಗೇ ಇವೆ. ನೋವು ನಿಜ. ಆದ್ರೆ ಆ ನೋವಿಗೆ ಅವನು ಹಾಕೋ ಲೆಕ್ಕ ಇದೆಯಲ್ಲ, ಅದು ಸುಳ್ಳು. ಫ್ರ್ಯಾನಿ ಅವನಿಗೆ ಏನೂ ಬಾಕಿ ಇಟ್ಕೊಂಡಿರಲಿಲ್ಲ. ಭೂಮಿ ಮೇಲೆ ಇಬ್ಬರೇ ಉಳಿದ್ರೂ ಒಬ್ಬಳು ಇನ್ನೊಬ್ಬನನ್ನ ಪ್ರೀತಿಸ್ಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಲೆಕ್ಕ ಅಂತ ಸುಮ್ನೆ ಅಂದಿದ್ದಲ್ಲ. ಹೆರಾಲ್ಡ್ ತನ್ನ ಹಗೆ ಬರೆದಿಡೋದು ಡೈರೀಲಲ್ಲ, ಲೆಡ್ಜರ್‌ನಲ್ಲಿ, ಜಮಾ ಖರ್ಚು ಬರೆಯೋ ಪುಸ್ತಕದಲ್ಲಿ. ಮನೇಲಿ ಬೆಂಕಿಗೂಡಿನ ಮುಂದೆ ಸಡಿಲ ಆಗಿರೋ ಒಂದು ಕಲ್ಲಿನ ಕೆಳಗೆ ಅದನ್ನ ಬಚ್ಚಿಟ್ಟಿರ್ತಾನೆ. ಅದು ಯಾಕೆ ಶುರುವಾಯ್ತು ಅಂತ ನೋಡಿದ್ರೆ, ದಾರೀಲಿ ಫ್ರ್ಯಾನಿ ಡೈರಿ ಕದ್ದು ಓದಿರ್ತಾನೆ, ಓದ್ತಾ ಪೇಜ್ ಮೇಲೆ ಚಾಕೊಲೇಟ್ ಹತ್ತಿದ ಹೆಬ್ಬೆಟ್ಟಿನ ಗುರುತು ಬಿಟ್ಟಿರ್ತಾನೆ. (ಅವನು ತಿನ್ನೋ ಪೇಡೇ ಬಾರ್‌ನಲ್ಲಿ ಆ ಕಾಲಕ್ಕೆ ಚಾಕೊಲೇಟೇ ಇರ್ತಿರಲಿಲ್ಲ, ಬರೀ ಕಡಲೆಕಾಯಿ, ಕ್ಯಾರಮೆಲ್. ಕಿಂಗ್ ಇಲ್ಲಿ ಎಡವಿದಾರೆ, ಗುಂಪಲ್ಲಿ ಹೇಳಿದ್ರೆ ಒಂದು ನಗು ಗ್ಯಾರಂಟಿ.) ಹೆಬ್ಬೆಟ್ಟು ಒತ್ತಿದ್ದು ಫ್ರ್ಯಾನಿ ಪುಸ್ತಕದಲ್ಲಿ, ಸಾಲ ಬರ್ಕೊಂಡಿದ್ದು ತನ್ನ ಪುಸ್ತಕದಲ್ಲಿ, ಆಮೇಲೆ ದಿನಾ ರಾತ್ರಿ ಕೂತು ಬಡ್ಡಿ ಕಟ್ಟೋದು.

ಈಗ ಆ ಒಂದು ದಿನಕ್ಕೆ ಬನ್ನಿ. ಇಡೀ ಪುಸ್ತಕದ ಅತಿ ಮುಖ್ಯ ಜಾಗ ನನ್ನ ಪ್ರಕಾರ ಬಾಂಬ್ ಸಿಡಿಯೋದೂ ಅಲ್ಲ, ಕೊನೆಗೆ ವೇಗಸ್‌ನಲ್ಲಿ ಆಗೋದೂ ಅಲ್ಲ. ಬೌಲ್ಡರ್‌ನಲ್ಲಿ ಹೆಣ ಸಾಗಿಸೋ ತಂಡ ಇರುತ್ತೆ, ಮನೆ ಮನೆಗೆ ಹೋಗಿ ಕೊಳೆತ ಹೆಣಗಳನ್ನ ಲಾರಿಗೆ ತುಂಬೋ ಕೆಲಸ, ಯಾರೂ ಮಾಡೋಕೆ ಮುಂದೆ ಬರಲ್ಲ. ಹೆರಾಲ್ಡ್ ಮುಂದೆ ಬರ್ತಾನೆ. ಮೈ ಇಳಿದಿದೆ, ತೋಳು ಗಟ್ಟಿಯಾಗಿದೆ, ಸುಸ್ತಾಗಿ ಗಬ್ಬು ನಾರ್ತಾ ನಿಂತಿರೋವಾಗ ಜೊತೆಗಾರರು ಅವನನ್ನ ‘ಹಾಕ್’ ಅಂತ ಕರೀತಾರೆ. ಹಾಕ್ ಅಂದ್ರೆ ಗಿಡುಗ. ಗೇಲಿ ಅಲ್ಲ, ಸಲಿಗೆ. ಹುಟ್ಟಿದಾಗಿಂದ ಅವನಿಗೆ ಯಾರೂ ಪ್ರೀತಿಯಿಂದ ಅಡ್ಡಹೆಸರು ಇಟ್ಟಿರಲ್ಲ. ಅವತ್ತು ಅವನಿಗೆ ಹೊಳೆಯುತ್ತೆ, ಇಲ್ಲಿ ಹಳೇ ಹೆರಾಲ್ಡ್‌ನ ನೋಡಿದೋರೇ ಇಲ್ಲ, ಇವರಿಗೆ ನಾನು ಬೇಕು, ಲೆಡ್ಜರ್ ಸುಟ್ಟಾಕಿದ್ರೆ ಅಲ್ಲಿಗೆ ಮುಗೀತು ಅಂತ. ಅಷ್ಟು ಹತ್ರ ಬಂದವನು, ಹಗೆ ಬಿಟ್ಟುಬಿಟ್ರೆ ಆಮೇಲೆ ನಾನು ಅಂತ ಉಳಿಯೋದು ಏನು ಅಂದ್ಕೊಂಡು ಹಿಂದಕ್ಕೆ ಹೋಗ್ತಾನೆ. ಯಾರೂ ತಳ್ಳಲಿಲ್ಲ. ಅದಾದ ಮೇಲೇನೇ ನೇಡೀನ್ ಅವನ ಮನೆಗೆ ಬರೋದು. ಹೆಣ್ಣು ಬಂದು ಕೆಡಿಸಿದಳು ಅಂತ ಹೇಳೋರೂ ಇದಾರೆ, ಅವರು ಪೇಜ್ ಹಿಂದೆ ಮುಂದೆ ಓದಿದಾರೆ.

ಹೀಗಾಗಿ ಮಿಕ್ಕವರು ಮಾಡಿದ್ದು ಅನ್ನೋದು ಪುಸ್ತಕದ ಮುಂದೆ ನಿಲ್ಲಲ್ಲ. ಅದನ್ನ ಒಪ್ಕೊಳ್ಳೋದೂ ಸ್ವತಃ ಹೆರಾಲ್ಡೇ. ನಿಮಗೆ ಅಳು ತರಿಸಿದ ಆ ಚೀಟೀಲಿ ಏನಿದೆ? ದಾರಿ ತಪ್ಪಿದೆ, ಕ್ಷಮೆ ಕೇಳ್ತೀನಿ, ಆದ್ರೆ ಮಾಡಿದ್ದೆಲ್ಲ ನಾನಾಗೇ ಇಷ್ಟಪಟ್ಟು ಮಾಡಿದ್ದು, ಅದನ್ನ ಅಲ್ಲಗಳೆಯಲ್ಲ ಅಂತಾನೆ. ಸ್ಕೂಲ್ ಪೇಪರ್ ಮೇಲೆ, ಕೊಟ್ಟಿಗೆ ಸೂರಿನ ಮೇಲೆ ಎಲ್ಲಾ ಕಡೆ ಪೂರ್ತಿ ಹೆಸರು ಬರೀತಿದ್ದವನು ಇಲ್ಲಿ ಸೈನ್ ಮಾಡೋದು ‘ಹಾಕ್’ ಅಂತ. ಅವತ್ತು ತಗೊಳ್ಳೋಕಾಗದೆ ಬಿಟ್ಟ ಹೆಸರು. ನೀವು ಅತ್ತಿದ್ದು ಕೊಲೆಗಾರನಿಗಲ್ಲ, ಕೊಲೆ ಮಾಡದೇ ಇರಬಹುದಾಗಿದ್ದ ಆ ಹುಡುಗನಿಗೆ. ಇದನ್ನ ನಿಮ್ಮ ಫ್ರೆಂಡ್‌ಗೆ ಹೇಳಿ ನೋಡಿ.

ಹಾಂ, ನಿಕ್ ಸತ್ತಾಗ ಅತ್ಯಾ ಅಂತ ಕೇಳಿದ್ರಲ್ಲ, ಅದು ಪೆದ್ದು ಪ್ರಶ್ನೆ ಅಲ್ಲ, ಅದಕ್ಕೆ ಉತ್ತರ ಕೊಡಬೇಕು. ಅಳದೇ ಇದ್ರೆ ಯಾಕೆ ಅಂತ ಯೋಚ್ನೆ ಮಾಡಿ. ನಿಕ್ ಸಾವು ಸರಕ್ ಅಂತ ಆಗಿಹೋಗುತ್ತೆ, ಹೆರಾಲ್ಡ್ ಸಾವಿನ ಜೊತೆ ನಾವು ಪೇಜುಗಟ್ಟಲೆ ಕೂತಿರ್ತೀವಿ. ಯಾರ ಪಕ್ಕ ಜಾಸ್ತಿ ಹೊತ್ತು ಕೂರಿಸ್ತಾರೋ ಅವರಿಗೆ ನಮ್ಮ ಕಣ್ಣೀರು ಹೋಗುತ್ತೆ. ಕಣ್ಣೀರು ನ್ಯಾಯದ ತಕ್ಕಡಿ ಅಲ್ಲ, ನಿಮ್ಮದೂ ಅಲ್ಲ ನಂದೂ ಅಲ್ಲ. ಈ ಮಟ್ಟಿಗೆ ನಿಮ್ಮ ಫ್ರೆಂಡ್ ಮಾತಲ್ಲಿ ಹುರುಳಿದೆ. ನಿಕ್ ಕಿವಿ ಕೇಳದ, ಮಾತು ಬಾರದ ಹುಡುಗ, ಅವನೂ ಬಾಲ್ಯದಿಂದ ತಿಂದಿರೋದು ಕಮ್ಮಿ ಏನಲ್ಲ, ಆದ್ರೆ ಅವನು ಲೆಡ್ಜರ್ ಇಡಲಿಲ್ಲ.

ಲ್ಯಾರಿ ಹತ್ರ ಹೋಗೋಣ, ಯಾಕಂದ್ರೆ ಕಿಂಗ್ ಇವನನ್ನ ಹೆರಾಲ್ಡ್ ಪಕ್ಕಕ್ಕೆ ಬೇಕಂತಾನೇ ಇಟ್ಟಿರೋದು ಅಂತ ನಂಗೆ ಯಾವಾಗ್ಲೂ ಅನ್ಸಿದೆ. ಶುರುವಲ್ಲಿ ಲ್ಯಾರಿ ಹೆರಾಲ್ಡ್‌ಗಿಂತ ಕೆಟ್ಟವನು. ಒಂದು ಹಾಡು ಹಿಟ್ ಆಗಿ ತಲೆ ತಿರುಗಿರೋನು, ಇಸ್ಕೊಳ್ಳೋದು ಬಿಟ್ಟು ಕೊಟ್ಟು ಗೊತ್ತಿಲ್ಲದವನು, ಅವನ ಅಮ್ಮನೇ ಹಂಗಂತಾಳೆ. ಒಬ್ಬ ಹುಡುಗಿ ರಾತ್ರಿ ಕಳೆದು ಎದ್ದು ಹೊರಟವನಿಗೆ, ನೀನು ಒಳ್ಳೆ ಮನುಷ್ಯ ಅಲ್ಲ ಕಣೋ ಅಂತ ಕಿರುಚ್ತಾಳೆ, ಆ ಒಂದು ಮಾತು ಅವನನ್ನ ಪುಸ್ತಕದುದ್ದಕ್ಕೂ ಬಿಡಲ್ಲ. ನ್ಯೂಯಾರ್ಕಿಂದ ಜೊತೆಗೆ ಬಂದ ರೀಟಾ ಟೆಂಟ್‌ನಲ್ಲಿ ಅವನ ಪಕ್ಕದಲ್ಲೇ ಮಾತ್ರೆ ನುಂಗಿ ಸತ್ತಾಗ ಅವಳನ್ನ ಮಣ್ಣು ಕೂಡ ಮಾಡದೆ ಓಡಿಹೋಗ್ತಾನೆ. ಇಂಥವನು ಕೊನೆಗೆ ಎಲ್ಲರಿಗೋಸ್ಕರ ಬರಿಗಾಲಲ್ಲಿ ಅನ್ನೋ ಹಾಗೆ ವೇಗಸ್‌ಗೆ ನಡ್ಕೊಂಡು ಹೋಗೋ ನಾಲ್ವರಲ್ಲಿ ಒಬ್ಬ. ಹೆಂಗೆ ಬದಲಾದ? ಒಂದೇ ಏಟಿಗಲ್ಲ. ನಾನು ಒಳ್ಳೆಯವನಲ್ಲ ಅನ್ನೋ ಭಯದಲ್ಲೇ ಒಂದೊಂದು ಸಣ್ಣ ಕೆಲಸ ಮಾಡ್ತಾ, ಮಾಡಿದ್ದು ಸಾಕಾ ಅಂತ ಅನುಮಾನ ಪಡ್ತಾ ಹೋಗ್ತಾನೆ. ಇಬ್ಬರೂ ಲೆಕ್ಕ ಇಟ್ಟೋರೇ ನೋಡಿ, ಲ್ಯಾರಿ ಸಾಲಗಾರನ ಥರ ಇಡ್ತಾನೆ, ಹೆರಾಲ್ಡ್ ಸಾಲ ಕೊಟ್ಟವನ ಥರ. ಮಗನ ಜೊತೆ ಮಾತಾಡೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲ್ಲ.

ಇನ್ನು ಆ ಇನ್ನೊಬ್ರ ಮಾತು, ಬೌಲ್ಡರ್ ಒಳ್ಳೇದು ವೇಗಸ್ ಕೆಟ್ಟದ್ದು ಅನ್ನೋದು. ಫ್ಲ್ಯಾಗ್ ಕೆಟ್ಟವನೇ, ಅದರಲ್ಲಿ ಎರಡು ಮಾತಿಲ್ಲ, ತಪ್ಪು ಮಾಡಿದೋರನ್ನ ಶಿಲುಬೆಗೆ ಹೊಡೆಸ್ತಾನೆ. ಆದ್ರೆ ವೇಗಸ್‌ನಲ್ಲಿರೋ ಜನ? ಬೆಳಗ್ಗೆದ್ದು ಕೆಲಸಕ್ಕೆ ಹೋಗ್ತಾರೆ, ಕರೆಂಟ್ ಸರಿ ಮಾಡ್ತಾರೆ, ರಸ್ತೆ ಚೊಕ್ಕ ಇಟ್ಟಿದಾರೆ. ಬೌಲ್ಡರ್ ಕಡೆಯಿಂದ ಗೂಢಚಾರಿಣಿಯಾಗಿ ಹೋದ ಡೇನಾಗೂ ಇವರು ಮಾಮೂಲಿ ಮನುಷ್ಯರ ಥರಾನೇ ಕಾಣಿಸ್ತಾರೆ. ಭಯಕ್ಕೆ ಬಾಯಿ ಮುಚ್ಕೊಂಡಿರೋ ಜನ ಅಷ್ಟೇ. ಕೊನೆಗೆ ಎಲ್ಲರ ಮುಂದೆ ಇದು ತಪ್ಪು ಅಂತ ಕೂಗೋನು ಬೌಲ್ಡರ್‌ನವನಲ್ಲ, ವಿಟ್ನಿ ಹಾರ್ಗನ್, ಫ್ಲ್ಯಾಗ್ ಕಡೆಯವನೇ, ಅಲ್ಲೇ ಬೆಂಕಿಗೆ ಸಾಯ್ತಾನೆ.

ಬೌಲ್ಡರ್ ಕೈ ಅಷ್ಟು ಸ್ವಚ್ಛನಾ ಅಂತ ಕೇಳಿದ್ರೆ, ಟಾಮ್ ಕಲನ್ ವಿಷಯ ಅವರ ಮುಂದಿಡಿ. ಟಾಮ್ ದೊಡ್ಡ ಮೈಯ, ಚಿಕ್ಕ ಮಗುವಿನ ಬುದ್ಧಿಯ ಮನುಷ್ಯ. ಕಮಿಟಿಯವರು ಗುಟ್ಟಾಗಿ ಕೂತು ಅವನನ್ನ ಹಿಪ್ನಟೈಸ್ ಮಾಡಿಸಿ ವೇಗಸ್‌ಗೆ ಗೂಢಚಾರನಾಗಿ ಕಳಿಸ್ತಾರೆ, ಒಬ್ಬನನ್ನೇ. ಅವನು ಹೂಂ ಅಂದ, ಆದ್ರೆ ಯಾವುದಕ್ಕೆ ಹೂಂ ಅಂತಿದೀನಿ ಅಂತ ಅವನಿಗೆ ಗೊತ್ತಿತ್ತಾ? ಅವನ ಹೆಸರು ಹೇಳಿದ್ದು ಬೇರೆ ಯಾರೂ ಅಲ್ಲ, ನಿಕ್, ಅವನ ಪ್ರಾಣಸ್ನೇಹಿತ, ನಿಮ್ಮ ಫ್ರೆಂಡ್ ಯಾರಿಗೆ ಅಳಬೇಕಿತ್ತು ಅಂದ್ರೋ ಅದೇ ನಿಕ್. ಟಾಮ್ ಬದುಕಿ ಬಂದು ದಾರೀಲಿ ಸ್ಟೂ ಜೀವಾನೂ ಉಳಿಸ್ತಾನೆ, ಹಂಗಾಗಿ ಓದುಗರು ಕೊನೆಗೆ ಒಳ್ಳೇದೇ ಆಯ್ತಲ್ಲ ಅಂತ ಬಿಟ್ಬಿಡ್ತಾರೆ. ಅವನ ಹೆಣ ದಾರೀಲಿ ಬಿದ್ದಿದ್ರೆ ಹೀಗೇ ಬಿಡ್ತಿದ್ವಾ? ನಿಕ್ ಹಗೆಯಿಂದ ಮಾಡಿದ್ದಲ್ಲ ನಿಜ, ಹೆರಾಲ್ಡ್ ಜೊತೆ ಅವನನ್ನ ಒಂದೇ ಸಾಲಲ್ಲಿ ನಿಲ್ಲಿಸ್ತಿಲ್ಲ ನಾನು, ಆದ್ರೂ ಈ ಪ್ರಶ್ನೆ ಹೋಗಲ್ಲ. ಇನ್ನೊಂದು ತಮಾಷೆ, ಕಮಿಟಿಯ ಏಳೂ ಜನರನ್ನ ಒಟ್ಟಿಗೇ ಒಪ್ಪಿಬಿಡೋಣ ಅಂತ ಊರವರ ಸಭೇಲಿ ಎದ್ದು ಹೇಳೋದು ಯಾರು ಗೊತ್ತಾ, ಹೆರಾಲ್ಡ್! ನಗ್ತಾ ನಗ್ತಾ. ಎಲ್ಲರೂ ಚಪ್ಪಾಳೆ ಹೊಡೀತಾರೆ.

ಹೆರಾಲ್ಡ್‌ನ ಕರ್ಣನಿಗೆ ಹೋಲಿಸೋರೂ ಸಿಗ್ತಾರೆ, ನಿಮ್ಮ ಗುಂಪಲ್ಲೂ ಯಾರಾದ್ರೂ ಅಂದೇ ಅಂತಾರೆ, ಅವಮಾನ ಪಟ್ಟವನು, ಆ ಕಡೆ ಸೇರಿದವನು ಅಂತ. ನಂಗೆ ಒಪ್ಪಿಗೆ ಇಲ್ಲ. ಕರ್ಣ ಹಗೆಗೆ ನಿಂತವನಲ್ಲ, ಋಣಕ್ಕೆ ನಿಂತವನು. ಈ ಪುಸ್ತಕದಲ್ಲಿ ಕರ್ಣನ ಬೇಕೇ ಬೇಕು ಅಂದ್ರೆ ಲಾಯ್ಡ್‌ನ ನೋಡಿ. ಜೈಲಲ್ಲಿ ಬೀಗ ಹಾಕಿದ ಸೆಲ್ಲಲ್ಲಿ, ಸುತ್ತ ಎಲ್ಲರೂ ಸತ್ತು, ಹಸಿವಲ್ಲಿ ಸಾಯ್ತಾ ಬಿದ್ದಿದ್ದವನನ್ನ ಫ್ಲ್ಯಾಗ್ ಬಂದು ಬಿಡಿಸ್ತಾನೆ. ಆಮೇಲೆ ಫ್ಲ್ಯಾಗ್‌ನ ಆಟ ಕೆಡ್ತಾ ಇದೆ ಅಂತ ಕಣ್ಣಿಗೆ ಕಂಡ್ರೂ, ಜೊತೆಯವರು ಓಡಿಹೋಗೋಣ ಬಾ ಅಂದ್ರೂ ಅವನು ಬಿಟ್ಟು ಹೋಗಲ್ಲ. ತಿಂದ ಅನ್ನದ ಋಣ. ಲಾಯ್ಡ್ ಮೊದಲಿಂದಾನೂ ಕೊಲೆಗಡುಕ, ಕರ್ಣನ ಹಿರಿಮೆ ಅವನಿಗಿಲ್ಲ, ಆದ್ರೂ ಆ ನಿಯತ್ತು ನೋಡಿದಾಗ ಹೊಟ್ಟೇಲಿ ಏನೋ ಆಗುತ್ತೆ.

ಕಿಂಗ್ ಬಗ್ಗೆ ಒಂದು ವಿಷಯ ಗೊತ್ತಿದ್ರೆ ನಿಮ್ಮ ಚರ್ಚೆಗೆ ಉಪಯೋಗ ಆಗುತ್ತೆ. ಈ ಕಾದಂಬರಿ ಬರೆಯೋವಾಗ ಅವರು ಅರ್ಧಕ್ಕೇ ಸಿಕ್ಕಾಕ್ಕೊಂಡಿದ್ರು, ಪಾತ್ರ ಜಾಸ್ತಿ ಆಗಿ ದಾರಿ ಕಾಣದೆ ಕೈಬಿಡೋ ಹಂತಕ್ಕೆ ಬಂದಿದ್ರು. ವಾರಗಟ್ಟಲೆ ವಾಕಿಂಗ್ ಹೋಗ್ತಾ ಯೋಚಿಸಿ ಕೊನೆಗೆ ಹೊಳೆದಿದ್ದೇ ಈ ಬಾಂಬ್. ಬೌಲ್ಡರ್‌ನವರು ಯಾವ ಹಳೇ ಪ್ರಪಂಚ ಅವರನ್ನ ಹಾಳು ಮಾಡ್ತೋ ಅದನ್ನೇ ಮತ್ತೆ ಕಟ್ತಾ ಆರಾಮಾಗಿ ಕೂತ್ಬಿಟ್ಟಿದಾರೆ ಅಂತ ಅವರಿಗೆ ಅನ್ಸಿತ್ತಂತೆ. ಬರವಣಿಗೆ ಬಗ್ಗೆ 2000ದಲ್ಲಿ ಬರೆದ ಪುಸ್ತಕದಲ್ಲಿ ಅವರೇ ಇದನ್ನ ಹೇಳ್ಕೊಂಡಿದಾರೆ. ಬೌಲ್ಡರ್ ಅಂದ್ರೆ ಬರೀ ಒಳ್ಳೇದು ಅನ್ನೋ ಓದು ಬರೆದವರಿಗೇ ಸಾಕಾಗಿರಲಿಲ್ಲ ಅನ್ನಿ.

ಹಾಗೇ ನಿಮ್ಮ ಗುಂಪಲ್ಲಿ ಎಲ್ಲರ ಹತ್ರ ಒಂದೇ ಆವೃತ್ತಿ ಇದೆಯಾ ನೋಡ್ಕೊಳ್ಳಿ. 1978ರಲ್ಲಿ ಮೊದಲು ಬಂದಾಗ ಪಬ್ಲಿಷರ್ ಕಡೆಯವರು ಇಷ್ಟು ದಪ್ಪ ಪುಸ್ತಕಕ್ಕೆ ಬೆಲೆ ಕಟ್ಟೋಕಾಗಲ್ಲ ಅಂತ ಸುಮಾರು 400 ಪೇಜ್ ತೆಗೆಸಿದ್ರು, ಪೂರ್ತಿ ಆವೃತ್ತಿ ಬಂದಿದ್ದು 1990ರಲ್ಲಿ. ಫ್ಲ್ಯಾಗ್ ಮತ್ತೆ ಕಣ್ಣು ಬಿಡೋ ಕೊನೇ ಭಾಗ ಹೊಸದರಲ್ಲಿ ಮಾತ್ರ ಇದೆ. ಒಬ್ಬರು ಕೆಟ್ಟದ್ದು ಸತ್ತೋಯ್ತು ಅಂತ, ಇನ್ನೊಬ್ಬರು ಎಲ್ಲಿ ಸತ್ತಿದೆ ಅಂತ ಜಗಳ ಆಡ್ತಿದ್ರೆ ಇಬ್ಬರ ಪುಸ್ತಕಾನೂ ತೆಗೆದು ನೋಡಿ, ಇಬ್ಬರೂ ಸರಿ ಇರಬಹುದು.

ಮಗನ ವಿಷಯ. ಹೆರಾಲ್ಡ್ ಅರ್ಥ ಆಗ್ತಾನೆ ಅಂದಿದ್ದಕ್ಕೆ ಮಗ ಹೆರಾಲ್ಡ್ ಆಗಲ್ಲ. ಹದಿನಾರರಲ್ಲಿ ಹೆರಾಲ್ಡ್ ಅರ್ಥ ಆಗದೇ ಇದ್ರೇನೇ ಆಶ್ಚರ್ಯ, ನನ್ನ ಕ್ಲಾಸಲ್ಲಿ ತುಂಬ ಮೆತ್ತಗಿನ ಮಕ್ಕಳೇ ಅವನನ್ನ ಮೊದಲು ಹಿಡ್ಕೊಳ್ಳೋದು. ಪುಸ್ತಕ ಕಿತ್ತಿಟ್ರೆ ಏನಾಗುತ್ತೆ ಅಂದ್ರೆ, ನೋಡು ದೊಡ್ಡವರಿಗೆ ಕೇಳೋ ವ್ಯವಧಾನ ಇಲ್ಲ ಅಂತ ಅವನ ಮಾತು ಅವನಿಗೇ ಸಾಬೀತಾಗುತ್ತೆ. ಕಥೆ ತಾನೇ ಅಂತ ಕೇಳಿಸದ ಹಾಗೆ ಬಿಡೋದೂ ಬೇಡ, ಅವನು ಅಷ್ಟು ಹೇಳಿದ್ದೇ ಒಂದು ಬಾಗಿಲು ತೆರೆದ ಹಾಗೆ. ಯಾವ ಪೇಜಲ್ಲಿ ಹಂಗನ್ಸ್ತು ತೋರ್ಸು ಅಂತ ಕೇಳಿ. ಅವನು ತೋರಿಸಿದ ಮೇಲೆ ನೀವೂ ಅತ್ತಿದ್ದನ್ನ ಹೇಳಿ, ಆಮೇಲೆ ಆ ‘ಹಾಕ್’ ಅಂತ ಕರೆದ ದಿನ ತೆಗೆದು, ಅವತ್ತು ಸಂಜೆ ನೀನು ಅವನ ಜೊತೆ ಇದ್ದಿದ್ರೆ ಏನ್ ಹೇಳ್ತಿದ್ದೆ ಅಂತ ಕೇಳಿ ಸುಮ್ಮನಾಗಿ. ಇದರಲ್ಲಿರೋ ತೊಂದರೆ ಒಂದೇ, ಬುದ್ಧಿ ಹೇಳೋಕೆ ನಾಲಿಗೆ ತುರಿಸುತ್ತೆ, ಅಲ್ಲಿ ಬಾಯಿ ತೆರೆದ್ರೆ ಅವನು ರೂಮಿಗೆ ಹೋಗಿ ಬಾಗಿಲು ಹಾಕ್ಕೊತಾನೆ.

ಇಷ್ಟು ಮಾತ್ರ ನೇರವಾಗಿ ಹೇಳ್ತೀನಿ. ಮಾತು ಹೆರಾಲ್ಡ್ ಬಿಟ್ಟು ಅವನ ಬಗ್ಗೆನೇ ಬಂದ್ರೆ, ಯಾರೋ ಕಾಡಿಸ್ತಿದಾರೆ, ಯಾರಿಗೋ ಬುದ್ಧಿ ಕಲಿಸ್ಬೇಕು, ಅಥವಾ ಬದುಕಿ ಏನ್ ಪ್ರಯೋಜನ ಅನ್ನೋ ಥರ ಏನಾದ್ರೂ ಬಂದ್ರೆ, ಆಗ ಪುಸ್ತಕ ಮುಚ್ಚಿ. ಮರೀಬೇಡಿ, ಹೆರಾಲ್ಡ್ ಕಥೆ ಮುಗಿಯೋದು ಆತ್ಮಹತ್ಯೇಲಿ. ಆಗ ನೇರವಾಗಿ ಕೇಳಿ, ಸಾಯ್ಬೇಕು ಅಂತ ಅನ್ಸುತ್ತಾ ಅಂತ, ಕೇಳಿದ್ರೆ ಆ ಯೋಚ್ನೆ ಬರುತ್ತೆ ಅನ್ನೋದು ಸುಳ್ಳು. ಅವನನ್ನ ಒಬ್ಬನೇ ಬಿಡದೆ ಆದಷ್ಟು ಬೇಗ ಕೌನ್ಸಿಲರ್ ಅಥವಾ ಡಾಕ್ಟರ್ ಹತ್ರ ಹೋಗಿ, ಅದು ನನ್ನಂಥ ಸಾಹಿತ್ಯದ ಮೇಷ್ಟ್ರ ಕೆಲಸ ಅಲ್ಲ. ಅಂಥದ್ದೇನೂ ಇಲ್ಲ, ಬರೀ ಕಥೆ ಹಿಡಿಸಿದೆ ಅಂದ್ರೆ ಖುಷಿಪಡಿ, ಸಾವಿರ ಪೇಜ್ ದಾಟೋ ಪುಸ್ತಕ ಓದೋ ಮಗ ಎಷ್ಟು ಮನೇಲಿದಾನೆ ಈಗ.

ಭಾನುವಾರ ಹೋಗಿ. ಹೋಗದೇ ಇದ್ರೆ ಜಗಳ ತಪ್ಪುತ್ತೆ, ಆದ್ರೆ ಆಮೇಲೆ ಆ ಗುಂಪಲ್ಲಿ ಯಾರೂ ಅತ್ತಿದ್ದನ್ನ ಹೇಳ್ಕೊಳ್ಳಲ್ಲ, ಎಲ್ಲರೂ ತೀರ್ಪು ಮಾತ್ರ ಕೊಡ್ತಾರೆ. ಹೋಗಿ ವಾದಕ್ಕಿಳಿದ್ರೆ ನೀವು ಹೆರಾಲ್ಡ್ ವಕೀಲರಾಗ್ತೀರ, ಒಪ್ಪದೇ ಇರೋ ಮಾತನ್ನೂ ಸಮರ್ಥಿಸ್ಬೇಕಾಗುತ್ತೆ, ಅದೂ ಬೇಡ. ನಾನು ಗುಂಪಲ್ಲಿ ಮಾಡಿಸೋದು ಹೇಳ್ತೀನಿ. ಪ್ರತಿಯೊಬ್ಬರಿಗೂ ಒಂದೊಂದು ಪೆನ್ಸಿಲ್ ಕೊಟ್ಟು, ಇಲ್ಲಿಂದಾಚೆಗೆ ಹೆರಾಲ್ಡ್‌ಗೆ ವಾಪಸ್ ದಾರಿ ಇಲ್ಲ ಅಂತ ಎಲ್ಲಿ ಅನ್ಸುತ್ತೋ ಆ ಸಾಲಿಗೆ ಗುರುತು ಹಾಕಿ ಅಂತೀನಿ, ಆಮೇಲೆ ಒಬ್ಬೊಬ್ಬರೂ ತಮ್ಮ ಸಾಲನ್ನ ಜೋರಾಗಿ ಓದಬೇಕು. ಒಬ್ಬರು ಲೆಡ್ಜರ್ ಶುರು ಮಾಡೋ ರಾತ್ರಿ ಅಂತಾರೆ, ಒಬ್ಬರು ನೇಡೀನ್ ಬಂದ ಸಂಜೆ, ಒಬ್ಬರು ಬಾಂಬ್ ಸಿಡಿಸೋ ವಾಕಿ ಟಾಕಿ ಬಟನ್ ಮೇಲೆ ಬೆರಳಿಟ್ಟ ಗಳಿಗೆ. ನಾನು ನಡೆಸಿದ ಒಂದು ಗುಂಪಲ್ಲಿ ಎಲ್ಲರಿಗಿಂತ ಜೋರಾಗಿ ಹೆರಾಲ್ಡ್‌ನ ಬೈತಿದ್ದವರು ಗುರುತೇ ಹಾಕಿರಲಿಲ್ಲ, ಪೆನ್ಸಿಲ್ ಕೈಯಲ್ಲೇ ಇತ್ತು.

ನನ್ನ ಹಳೇ ಪ್ರತೀಲಿ ಆ ಗುರುತು ಬಟನ್ ಒತ್ತೋ ಸಾಲಿನ ಪಕ್ಕದಲ್ಲಿದೆ. ಎರಡನೇ ಸಲ ಓದಿದಾಗ ಅದು ಆ ‘ಹಾಕ್’ ದಿನಕ್ಕೆ ಬಂತು. ಹೋದ ವರ್ಷ ಓದಿದಾಗ ಇನ್ನೂ ಹಿಂದಕ್ಕೆ ಹೋಗಿ ಚಾಕೊಲೇಟ್ ಹೆಬ್ಬೆಟ್ಟಿನ ಹತ್ರ ಹಾಕಿದೆ, ಹಾಕಿ ಸ್ವಲ್ಪ ಹೊತ್ತಾದ ಮೇಲೆ ಅಳಿಸಿದೆ. ನಿಮ್ಮ ಮಗ ಎಲ್ಲಿ ಹಾಕ್ತಾನೆ ಅಂತ ತಿಳ್ಕೊಳ್ಳೋ ಕುತೂಹಲ ಇದೆ, ಬರೀರಿ.